ಅವ್ವನ ಪ್ಲೇಟು

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆಯೇ ಇರಲಿಲ್ಲ. ಆದರೂ ನಮ್ಮದನ್ನು ಮಾತ್ರ ಜನ ‘ಫೋನೋದವರ ಮನಿ’ ಎಂದು ಕರೆಯುತ್ತಿದ್ದರು. ಅಪ್ಪ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಉಂಡು ಒಂದು ಗಳಿಗೆ ಅಡ್ಡಾದ ಮೇಲೆ ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು, ಯಾರದೋ ಮನೆಯ ಚಾವಿ ಕೊಡುವ ಗ್ರಾಮಫೋನನ್ನು ಬಿಚ್ಚಿ ಕೂಡುತ್ತಿದ್ದ. ರೋಣದಿಂದ, ನರಗುಂದದಿಂದ, ಕೊಣ್ಣೂರಿನಿಂದ ಗೌಡರ ಮನೆಯವರು ಚಕ್ಕಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತಂದಷ್ಟು ಜೋಕೆಯಿಂದ ತಮ್ಮ ಪೆಟ್ಟಿಗೆಗಳನ್ನು ತರುತ್ತಿದ್ದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು. ಹಾಡು ಶುರುವಾದಾಗ ಓಡುತ್ತದೆ, ನಡುವೆ ಅಲುಗುತ್ತದೆ, ಕೊನೆಗೆ ಹಾಡುವವನಿಗೆ ನಿದ್ದೆ ಬಂದಂತೆ ಕುಸಿಯುತ್ತದೆ. ಅಪ್ಪ ಅದನ್ನು ನೆಟ್ಟಗೆ ಮಾಡಿ ಕೊಡುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಸರಿಗಟ್ಟುವವರು ಆ ಸೀಮೆಯಲ್ಲೇ ಇರಲಿಲ್ಲ. ಇಷ್ಟೆಲ್ಲ ಇದ್ದೂ ನಮ್ಮ ಸ್ವಂತ ಫೋನೋ ಮಾತ್ರ ನಡುಮನೆಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡು ಹೊದ್ದುಕೊಂಡು ವರ್ಷವಿಡೀ ಸುಮ್ಮನೆ ಕೂತಿರುತ್ತಿತ್ತು. ಅದರ ಹತ್ತಿರ ಆಡಬಾರದು, ಅದರ ಮುಂದೆ ಜಗಳವಾಡಬಾರದು, ಸಂಜೆ ದೀಪ ಹಚ್ಚಿದ ಮೇಲೆ ಅದಕ್ಕೆ ಬೆನ್ನು ಮಾಡಿ ಕೂಡಬಾರದು ಎಂದು ಆಯಿಯ ಕಟ್ಟಪ್ಪಣೆ. ಆಯಿ ಎಂದರೆ ಅಪ್ಪನ ತಾಯಿ.

ನನ್ನ ಹೆತ್ತವ್ವ ಅದರೊಳಗಿದ್ದಳು. ಹೀಗೆ ಹೇಳಿದರೆ ಈಗಿನ ಮಕ್ಕಳು ನಗುತ್ತವೆ. ನಗಲಿ ಬಿಡಿ. ಅವ್ವನ ಹೆಸರು ನೀಲವ್ವ, ತವರು ರೋಣ. ತತ್ವಪದಕ್ಕೆ, ಸೋಬಾನ ಪದಕ್ಕೆ ಆಕೆ ದನಿ ಎತ್ತಿದರೆ ದಾರಿಹೋಕರು ನಿಲ್ಲುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ, ಹಾಡು ಹಿಡಿದು ಫೋನೋದ ಪ್ಲೇಟು ಮಾಡುವವರು ಹುಬ್ಬಳ್ಳಿಗೆ ಬಂದಿದ್ದಾರೆಂಬ ಸುದ್ದಿ ಕೇಳಿ ಅಪ್ಪ ಆಕೆಯನ್ನೂ ರೋಣದ ಪೇಟಿ ಮಾಸ್ತರರನ್ನೂ ಕರೆದುಕೊಂಡು ಹೋದ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಗೋಡೆಗೆಲ್ಲ ಕೌದಿ ಇಳಿಬಿಟ್ಟ ಒಂದು ಕೋಣೆಯಲ್ಲಿ ಅವ್ವ ಒಂದು ತತ್ವಪದ ಹಾಡಿದಳು, ಮಾಸ್ತರರು ಪೇಟಿ ನುಡಿಸಿದರು, ಅದು ಪ್ಲೇಟಾಗಿ ಮನೆಗೆ ಬಂತು. ನಾನು ತೊಟ್ಟಿಲಲ್ಲಿರುವಾಗ ಆಕೆ ಜ್ವರ ಬಂದು ಹೋದಳು. ಒಂದು ಫೋಟೊ ಇಲ್ಲ, ಒಂದು ಗುರುತಿಲ್ಲ. ಅವ್ವ ಎಂದರೆ ನನಗೆ ಆ ಕರಿಯ ತಟ್ಟೆ, ಅದರಿಂದ ಬರುವ ದನಿ, ಅಷ್ಟೇ.

ಆ ದನಿಯೂ ಬೇಕೆಂದಾಗ ಸಿಗುತ್ತಿರಲಿಲ್ಲ. ಮಹಾನವಮಿ ಅಮಾವಾಸ್ಯೆಯ ದಿನ, ಹಿರಿಯರಿಗೆ ಎಡೆ ಇಡುವಾಗ, ವರ್ಷಕ್ಕೆ ಒಂದೇ ಸಲ. ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕಟ್ಟಿನ ಸಾರು, ಆಕೆಗೆ ಇಷ್ಟವಿದ್ದದ್ದೆಲ್ಲ ಬಾಳೆಲೆಗೆ ಬೀಳುತ್ತಿತ್ತು. ಮಗ್ಗದಿಂದ ಆಗಷ್ಟೇ ಇಳಿದ ಹೊಸ ಸೀರೆಯನ್ನು ಮಡಿಸಿ ಎಲೆಯ ಪಕ್ಕ ಇಡುತ್ತಿದ್ದರು. ಆಮೇಲೆ ಚಾವಿ ಕೊಟ್ಟು, ಮುಳ್ಳು ಇಳಿಸುತ್ತಿದ್ದರು. ಮೊದಲು ಖರಖರ ಸದ್ದು, ಆಮೇಲೆ ಪೇಟಿ, ಆಮೇಲೆ ಅವ್ವ. ಭಾರವಾದ ದನಿ, ಮೆಲ್ಲಗೆ ಎಳೆಯುವ ದನಿ, ತುಂಬಿದ ಬಾವಿಯೊಳಗಿನಿಂದ ಬಂದಂತಿರುತ್ತಿತ್ತು. ನನಗೆ ಅಂಜಿಕೆಯಾಗುತ್ತಿತ್ತು, ಆದರೂ ಅದು ಮುಗಿಯಬಾರದು ಎನಿಸುತ್ತಿತ್ತು. ಉಳಿದ ದಿನಗಳಲ್ಲಿ ನಾನು ಕದ್ದು ಆ ಸೀರೆಯ ತುಂಡು ಸರಿಸಿ ಪೆಟ್ಟಿಗೆಗೆ ಕಿವಿ ಹಚ್ಚುತ್ತಿದ್ದೆ. ಒಮ್ಮೆ ಆಯಿಯ ಕೈಗೆ ಸಿಕ್ಕಿಬಿದ್ದೆ. ಬೈಯುತ್ತಾಳೆ ಅಂದುಕೊಂಡರೆ ಆಕೆ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಮಣ್ಣಿಗೆ ಹೋದವರ ದನಿ ವರ್ಷಾ ವರ್ಷಾ ಭಾರ ಆಗತೈತವಾ. ಬದುಕಿದ್ದಾಗ ನಿಮ್ಮವ್ವನ ದನಿ ಇಷ್ಟ ಭಾರ ಇರಲಿಲ್ಲ.”

ಆಯಿಗೆ ಆಗಲೇ ಕಿವಿ ಮಂದವಾಗಿತ್ತು. ನಾನು ಆ ಮಾತನ್ನು ಖರೇ ಎಂದೇ ನಂಬಿದೆ. ನಾನು ದೊಡ್ಡವಳಾಗುವ ಹೊತ್ತಿಗೆ ಅವ್ವನ ದನಿ ಭಾರವಾಗಿ ಭಾರವಾಗಿ ಕೇಳಿಸದಷ್ಟು ಆಳಕ್ಕೆ ಇಳಿದುಬಿಟ್ಟರೆ ಏನು ಗತಿ ಎಂದು ಚಿಂತೆ ಹತ್ತಿತು. ಹಾಸಿಗೆಯಲ್ಲಿ ಬಿದ್ದುಕೊಂಡು ಆ ದನಿಯನ್ನು ನೆನಪಿನಲ್ಲಿ ಹಚ್ಚಿ ಹಚ್ಚಿ ನೋಡುತ್ತಿದ್ದೆ, ಮರೆತಿದ್ದೇನೋ ಏನೋ ಎಂದು.

ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಎನ್ನುತ್ತಾರೆ. ಹಾಗಾಗಬಾರದೆಂದು ಹಿರಿಯರು ಅವ್ವನ ತಂಗಿ ಪಾರವ್ವನನ್ನೇ ಅಪ್ಪನಿಗೆ ತಂದರು. ಆಕೆಯೇ ನನ್ನ ಚಿಗವ್ವ. ಹದಿನೇಳು ತುಂಬಿತ್ತೋ ಇಲ್ಲವೋ. ಕೊರಳಲ್ಲಿ ತನ್ನ ತಾಳಿಯ ಜೊತೆ ಸವತಿ ತಾಳಿ, ಅಂದರೆ ಸತ್ತ ಮೊದಲ ಹೆಂಡತಿಯ ಹೆಸರಿನ ಒಂದು ಸಣ್ಣ ಬಿಲ್ಲೆ. ತಾನು ಉಣ್ಣುವ ಮೊದಲು ಒಂದು ತುತ್ತು ಅಕ್ಕನ ಹೆಸರಲ್ಲಿ ತೆಗೆದಿಡಬೇಕು. ಹೊಸ ಸೀರೆ ಬಂದರೆ ಮೊದಲು ಅಕ್ಕನಿಗೆ ತೋರಿಸಿ ಆಮೇಲೆ ಉಡಬೇಕು. ಅಮಾವಾಸ್ಯೆಯ ದಿನ ಫೋನೋಕ್ಕೆ ಚಾವಿ ಕೊಡುವ ಕೆಲಸವೂ ಆಕೆಯದೇ. ಆಯಿ ಹತ್ತು ಸಲ ಕರೆದರೆ ಎಂಟು ಸಲ ‘ನೀಲಾ’ ಎಂದೇ ಕರೆಯುತ್ತಿದ್ದಳು. ಚಿಗವ್ವ ‘ಓ’ ಎಂದು ಎದ್ದು ಹೋಗುತ್ತಿದ್ದಳು. ಆಕೆಯ ದನಿ ಎಂದರೆ ಸಣ್ಣದು, ಚೂಪು. ಓಣಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಎಮ್ಮೆ ಕಿವಿ ನಿಗುರಿಸಬೇಕು. ತಲೆ ಬಾಚುವಾಗ, ಹಾಲು ಚೆಲ್ಲಿದಾಗ, ಸಾಲೆಗೆ ಹೊತ್ತಾದಾಗ, ದಿನವಿಡೀ ಆ ದನಿ ನನ್ನ ಬೆನ್ನ ಹಿಂದೆಯೇ. ಆದರೆ ಆಕೆ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬೀಸುವಾಗ ಉಳಿದ ಹೆಂಗಸರೆಲ್ಲ ಪದ ಹೇಳುತ್ತಿದ್ದರೆ ಈಕೆ ತುಟಿ ಬಿಗಿದು ಬೀಸುತ್ತಿದ್ದಳು. ನಮ್ಮಿಬ್ಬರ ಜಗಳಕ್ಕೆ ಇಂಥದೇ ಕಾರಣ ಬೇಕೆಂದಿರಲಿಲ್ಲ. ರೊಟ್ಟಿ ಸುಟ್ಟಿದೆ ಎಂದು ನಾನು ಬಟ್ಟಲು ದೂಡುತ್ತಿದ್ದೆ, ಆಕೆ ಮತ್ತೆ ನನ್ನ ಮುಂದೆ ಎಳೆಯುತ್ತಿದ್ದಳು.

“ಅವ್ವಾ ಅನ್ನಬೇ ಒಂದ್ಸಲ. ನಾಲಿಗಿ ಸವದು ಹೋಗಂಗಿಲ್ಲ,” ಎಂದು ಆಯಿ ನಡುವೆ ಬರುತ್ತಿದ್ದಳು.

“ನಮ್ಮವ್ವ ಹಿಂಗ ಒದರತಿದ್ದಿಲ್ಲ. ನಮ್ಮವ್ವನ ದನಿ ನಾ ಕೇಳೇನಿ,” ಎನ್ನುತ್ತಿದ್ದೆ ನಾನು.

ಈ ಮಾತಿಗೆ ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಚಿಗವ್ವ ಒಲೆಯ ಕಡೆ ತಿರುಗುತ್ತಿದ್ದಳು. ಅವರಿಬ್ಬರ ನಡುವೆ ಏನೋ ಇದೆ, ಅದು ನನಗೆ ಗೊತ್ತಿಲ್ಲ ಎನಿಸುತ್ತಿತ್ತು.

ಅಪ್ಪನ ಕೆಲಸ ನೋಡುವುದೆಂದರೆ ನನಗೆ ಬಹಳ ಸೇರುತ್ತಿತ್ತು. ಒಮ್ಮೆ ಕೊಣ್ಣೂರಿನಿಂದ ಒಂದು ಪೆಟ್ಟಿಗೆ ಬಂತು. ಮಲಪ್ರಭೆಯ ನೀರು ಮನೆಗೆ ಹೊಕ್ಕು ಹೋದ ಮೇಲೆ ಆ ಪುಣ್ಯಾತ್ಮರು ಅದನ್ನು ಬಿಸಿಲಿಗೆ ಒಣಗಿಸಿ, ತುಕ್ಕು ಹಿಡಿಯಬಾರದೆಂದು ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಧಾರಾಳವಾಗಿ ಸುರಿದಿದ್ದರು. ಎರೆಮಣ್ಣು, ಕೀಲೆಣ್ಣೆ ಕೂಡಿ ಒಳಗೆಲ್ಲ ಅಂಟಾಗಿ ಕೂತಿತ್ತು. ಅಪ್ಪ ಒಂದೊಂದೇ ಹಲ್ಲಿನ ಗಾಲಿಯನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತ ನನಗೆ ತಿಳಿಸಿ ಹೇಳಿದ. ಚಾವಿ ಕೊಟ್ಟ ಸ್ಪ್ರಿಂಗಿಗೆ ತಾಳ್ಮೆ ಇರುವುದಿಲ್ಲ, ಒಮ್ಮೆಲೇ ಬಿಚ್ಚಿಕೊಳ್ಳಲು ನೋಡುತ್ತದೆ. ಅದನ್ನು ಹಿಡಿದು ನಡೆಸುವುದಕ್ಕೆ ಗೌರ್ನರು ಅಂತ ಒಂದು ಭಾಗ. ಮೂರು ತೆಳುವಾದ ಉಕ್ಕಿನ ಪಟ್ಟಿ, ಅವುಗಳ ನಡುವೆ ಮೂರು ಸೀಸದ ಗುಂಡು. ತಿರುಗುವ ರಭಸಕ್ಕೆ ಗುಂಡುಗಳು ಹೊರಗೆ ಚಾಚಿದರೆ ಒಂದು ಹಿತ್ತಾಳೆಯ ಬಿಲ್ಲೆ ಸರಿದು ಬಂದು ಚರ್ಮದ ತುಣುಕಿಗೆ ಉಜ್ಜುತ್ತದೆ. ಆ ಉಜ್ಜುವಿಕೆಯೇ ಲಗಾಮು. ಚರ್ಮ ಒಣಗಿ ಗಟ್ಟಿಯಾದರೆ ದನಿ ನಡುಗುತ್ತದೆ, ಒಂದು ಪಟ್ಟಿ ಮುರಿದರೆ ಹಾಡು ಕುಂಟುತ್ತದೆ. ಅಪ್ಪ ಗುಂಡುಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಸಮ ಮಾಡುತ್ತಿದ್ದ. ಚರ್ಮಕ್ಕೆ ಮಗ್ಗದ ಲಾಳಿಯನ್ನು ಹೊಡೆಯುವ ಪಿಕ್ಕರಿನ ಹಳೆಯ ಚರ್ಮವೇ ಆಗಬೇಕು, ಅದು ಪೆಟ್ಟು ತಿಂದು ಹದವಾಗಿರುತ್ತದೆ ಎನ್ನುತ್ತಿದ್ದ. ಎಲ್ಲ ಜೋಡಿಸಿದ ಮೇಲೆ ಪ್ಲೇಟಿನ ಕೆಳಗೆ ಒಂದು ಕಾಗದದ ಚೂರು ಸಿಕ್ಕಿಸಿ, ಗಡಿಯಾರದ ಮುಂದೆ ಕೂತು ಸುತ್ತು ಎಣಿಸುವುದು. ನಿಮಿಷಕ್ಕೆ ಎಪ್ಪತ್ತೆಂಟು ಬರುವ ತನಕ ಮೇಲಿನ ಸಣ್ಣ ತಿರುಪನ್ನು ಆ ಕಡೆ ಈ ಕಡೆ ಕೂದಲೆಳೆಯಷ್ಟು ತಿರುಗಿಸುವುದು. ಕೊಣ್ಣೂರಿನ ಪೆಟ್ಟಿಗೆ ನೆಟ್ಟಗೆ ಹಾಡಿದ ದಿನ ನಾನು ಕೇಳಿಯೇಬಿಟ್ಟೆ.

“ಅಪ್ಪಾ, ನಮ್ಮ ಫೋನೋಕ್ಕ ಯಾಕ ಹಿಂಗ ಎಣಸಂಗಿಲ್ಲ?”

“ಅದು ನೆಟ್ಟಗಽ ಐತಿ. ಅದಕ್ಕ ಕೈ ಹಚ್ಚಬ್ಯಾಡ ನೀ.”

ಹೇಳುವಾಗ ಅವನು ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ನೋಡಿದ.

ಅದರ ಮುಂದಿನ ಅಮಾವಾಸ್ಯೆಗೆ ರೋಣದ ಪೇಟಿ ಮಾಸ್ತರರು ತಾವಾಗಿ ಬಂದರು. ಮುದುಕರಾಗಿದ್ದರು. ನಾಟಕದ ಕಂಪನಿಗಳೆಲ್ಲ ಕುಂತು ಹೋದ ಮೇಲೆ ಮಕ್ಕಳಿಗೆ ಪೇಟಿ ಕಲಿಸುತ್ತ ಊರೂರು ತಿರುಗುತ್ತಿದ್ದರು. ಪೇಟಿಯನ್ನು ಬಗಲಲ್ಲೇ ಇಟ್ಟುಕೊಂಡು ಎಡೆಯ ಮುಂದೆ ಕೂತರು. ಅಪ್ಪನ ಮುಖ ಯಾಕೋ ಕಳೆಗುಂದಿತ್ತು. ಇವತ್ತು ಪ್ಲೇಟು ಬೇಡ, ಮುಳ್ಳು ಸವೆದಿದೆ ಎಂದು ಏನೋ ಗುಣುಗಿದ. ಆಯಿ ಬಿಡಬೇಕಲ್ಲ. ಸತ್ತಾಕೆ ಉಪವಾಸ ಹೋಗುತ್ತಾಳೆ ಎಂದು ಗದರಿದಳು. ಚಿಗವ್ವ ಬಂದು ಚಾವಿ ಕೊಟ್ಟು, ಮುಳ್ಳು ಇಳಿಸಿ, ಮತ್ತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಖರಖರ ಸದ್ದು, ಪೇಟಿ, ಅವ್ವನ ಭಾರವಾದ ದನಿ. ನಾನು ಕಣ್ಣು ಮುಚ್ಚಿದೆ. ಒಂದು ಸೊಲ್ಲು ಮುಗಿದಿರಲಿಲ್ಲ, ಮಾಸ್ತರರು ಕೈ ಎತ್ತಿದರು.

“ನಿಲ್ಸೋ ಬಸಪ್ಪಾ. ಯಾರಿಕಿ, ಹಾಡಾಕತ್ತಾಕಿ?”

“ನೀಲಾನಽ ರೀ ಮಾಸ್ತರ. ನೀವಽ ಪೇಟಿ ಬಾರಿಸೀರಲ್ರಿ,” ಎಂದ ಅಪ್ಪ.

“ಆಕಿ ದನಿ ಮರತಾನು ಮುದುಕಾ ಅನ್ನು, ಒಪ್ಪಿಗೋತೀನಿ. ನನ್ನ ಪೇಟಿ ಮರೀತೇನೇನೋ? ಕರಿ ಐದರಾಗ ಹಾಡಿದ್ಲು ಆಕಿ. ಇಲ್ನೋಡು, ಕರಿ ನಾಕಕ್ಕ ಇಳದು ಕುಂತೈತಿ.”

ಪೇಟಿ ತೆಗೆದು, ಗಾಳಿ ತುಂಬಿ, ಕರಿಯ ಮನೆಗಳಲ್ಲಿ ಐದನೆಯದನ್ನು ಒತ್ತಿ ಹಿಡಿದರು. ನನಗೂ ಗೊತ್ತಾಯಿತು. ಪ್ಲೇಟಿನ ಪೇಟಿಯೂ ಮಾಸ್ತರರ ಪೇಟಿಯೂ ಕೂಡುತ್ತಿರಲಿಲ್ಲ.

“ನರಗುಂದದ ಮಟಾ ಮಂದಿ ಫೋನೋ ನೆಟ್ಟಗ ಮಾಡತಿ, ನಿನ್ನ ಹೇಣ್ತಿ ಪ್ಲೇಟು ನೆಟ್ಟಗ ಹಚ್ಚಾಕ ಬರಂಗಿಲ್ಲೇನು ನಿನಗ?”

“ಊರಿಗೆ ಉಪಕಾರಿ, ಮನಿಗೆ ಮಾರಿ ಅಂವಾ,” ಎಂದಳು ಆಯಿ, ಎಷ್ಟು ಕೇಳಿಸಿತ್ತೋ ಏನೋ.

ಅಪ್ಪ ತಲೆ ಎತ್ತಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ಅವ್ವನ ದನಿ ತಪ್ಪಾಗಿದೆ ಎಂದು ಹೊರಗಿನವರು ಬಂದು ಹೇಳಬೇಕೆ? ನೆಟ್ಟಗೆ ಮಾಡು ಅಪ್ಪಾ ಎಂದು ನಾನೇ ಹಟ ಹಿಡಿದೆ. ಅವ್ವ ಇನ್ನೂ ಚೆಂದ ಹಾಡುತ್ತಾಳೆ ಎಂಬ ಆಸೆ ನನಗೆ. ಆಗ ಬಾಗಿಲಲ್ಲಿ ನಿಂತಿದ್ದ ಚಿಗವ್ವ ಮೆಲ್ಲಗೆ ಅಂದಳು.

“ತಿರುವ್ರಿ. ಎಷ್ಟ ದಿನಾ ಅಂತ ಮುಚ್ಚಿಡೂದು? ತಿರುವ್ರಿ.”

ಅಪ್ಪ ತಿರುಪನ್ನು ತಿರುಗಿಸಿದ. ನಾವು ಕೇಳುತ್ತಿದ್ದಂತೆಯೇ ದನಿ ಮೇಲೇರತೊಡಗಿತು. ಭಾರ ಇಳಿಯಿತು, ಎಳೆತ ಹೋಯಿತು, ಸಣ್ಣದಾಯಿತು, ಚೂಪಾಯಿತು. ಮಾಸ್ತರರ ಪೇಟಿಗೂ ಪ್ಲೇಟಿಗೂ ಹೊಂದಿಕೆಯಾದಾಗ ಅವರು “ಹಾಂ, ಇಕಿ ನೋಡು ನೀಲಾ” ಎಂದು ಕಣ್ಣು ಒರೆಸಿಕೊಂಡರು. ಆಯಿ ಮಾತ್ರ ಫೋನೋದ ಕಡೆ ನೋಡಲೇ ಇಲ್ಲ. ಅಡುಗೆಮನೆಯ ಬಾಗಿಲ ಕಡೆ ತಿರುಗಿ ಸಿಡುಕಿದಳು.

“ಏ ಪಾರೂ, ಎಡಿ ಮುಂದ ನೀ ಯಾಕ ಹಾಡಾಕತ್ತೀ? ಆಕಿ ಹಾಡಲಿ ಬಿಡು.”

ಚಿಗವ್ವನ ಬಾಯಿ ಮುಚ್ಚಿತ್ತು. ಸೆರಗನ್ನು ತುಟಿಗೆ ಒತ್ತಿ ಹಿಡಿದು ನಿಂತಿದ್ದಳು. ಮೂಲೆಯಲ್ಲಿ ಆಕೆಯ ದನಿ ಹಾಡುತ್ತಿತ್ತು. ನನ್ನನ್ನು ದಿನಾ ಬೈಯುವ ದನಿ, ತಲೆ ಬಾಚುವ ದನಿ, ಸಾಲೆಗೆ ಹೊತ್ತಾಯಿತೆಂದು ಒದರುವ ದನಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಗಂಟಲು ಹೊತ್ತು ಬಂದಿದ್ದರು. ನಾನು ಎದ್ದು ನಿಂತು ಚೀರಿದೆ.

“ಇದು ನಮ್ಮವ್ವ ಅಲ್ಲ! ನಮ್ಮವ್ವನ್ನ ಕೊಡು!”

ಅಪ್ಪ ಮುಳ್ಳು ಎತ್ತಿದ. ಅವತ್ತು ಹೋಳಿಗೆ ಎಲೆಯಲ್ಲೇ ಉಳಿಯಿತು. ಮಾಸ್ತರರು ಏನು ತಪ್ಪು ಮಾಡಿದೆನೋ ಎಂದು ಪೆಚ್ಚಾಗಿ, ಪೇಟಿ ಕಟ್ಟಿಕೊಂಡು ಇಳಿಹೊತ್ತಿಗೇ ಹೊರಟುಹೋದರು. ನಾನು ಹಿತ್ತಲಲ್ಲಿ ಕೂತು ಅತ್ತೆ. ಎಲ್ಲರ ತಾಯಂದಿರು ಒಂದೇ ಸಲ ಸಾಯುತ್ತಾರೆ, ನನ್ನ ಅವ್ವ ಆ ದಿನ ಎರಡನೆಯ ಸಲ ಸತ್ತಿದ್ದಳು. ಚಿಗವ್ವ ಮುಸುರೆ ಪಾತ್ರೆಗಳನ್ನು ತಂದು ನನ್ನ ಪಕ್ಕದಲ್ಲೇ ಕೂತು, ಬೂದಿ ಹಚ್ಚಿ ತಿಕ್ಕತೊಡಗಿದಳು. ಆಕೆ ಅಷ್ಟು ಹೊತ್ತು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

“ನಿಮ್ಮಪ್ಪನ್ನ ಬೈಬ್ಯಾಡ ಗಂಗಾ. ನಾನಽ ಹೇಳಿ ಮಾಡ್ಸಿದ್ದು. ಅಕ್ಕನ ಗಂಡ, ಅಕ್ಕನ ತಾಳಿ, ಅಕ್ಕನ ಕೂಸು. ನಿಮ್ಮ ಆಯಿ ಕರಿಯೂದೂ ಅಕ್ಕನ ಹೆಸರ್ಲೆ. ಇರಲಿ ಅಂದೆ. ಬಂದ ವರ್ಷ ಅಮಾಸಿಗೆ ಆ ಪ್ಲೇಟ್ ಹಚ್ಚಿದ್ರು. ನಾ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ನನ್ನ ದನಿ ಅಲ್ಲಿ ಹಾಡಾಕತ್ತಿತ್ತು. ನಾ ಸತ್ತೇನೋ ಆಕಿ ಬದುಕ್ಯಾಳೋ ತಿಳೀಲಿಲ್ಲ. ನಿಮ್ಮಪ್ಪನ ಕಾಲ ಹಿಡಕೊಂಡು ಅತ್ತೆ. ದನಿ ಒಂದರ ನಂದಿರಲಿರಿ ಅಂದೆ.”

ಅಪ್ಪನಿಗೆ ಗೊತ್ತಿದ್ದ ಉಪಾಯ ಒಂದೇ. ಊರವರಿಗೆಲ್ಲ ಮಾಡಿಕೊಡುತ್ತಿದ್ದುದನ್ನು ತನ್ನ ಮನೆಯಲ್ಲಿ ತಿರುವುಮುರುವು ಮಾಡಿ, ಪ್ಲೇಟಿನ ಓಟ ಇಳಿಸಿ ದನಿ ಭಾರ ಮಾಡಿದ್ದ. ಅವನು ಬಿಗಿಸಿದ ಒಂದು ತಿರುಪಿನಿಂದ ಹುಟ್ಟಿದವಳನ್ನು ನಾನು ಅಷ್ಟು ವರ್ಷ ಅವ್ವ ಎಂದುಕೊಂಡಿದ್ದೆ. ಅಂಥ ದನಿಯ ಹೆಂಗಸು ಯಾವ ಕಾಲಕ್ಕೂ ಯಾವ ಊರಲ್ಲೂ ಇರಲೇ ಇಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಮೈ ತಣ್ಣಗಾಗುತ್ತದೆ. ಮನೆ ತುಂಬ ಅವ್ವ ಓಡಾಡತೊಡಗಿದಳು. ಒಲೆಯ ಹತ್ತಿರದಿಂದ ‘ಗಂಗಾ’ ಎಂದು ಕರೆದರೆ ಕರೆದವಳು ಯಾರು ಎಂದು ತಿರುಗಿ ನೋಡುತ್ತಿದ್ದೆ. ಮೊದಲು ಅಂಜಿದೆ. ಆಮೇಲೆ ಅದರ ರುಚಿ ಹತ್ತಿತು. ಚಿಗವ್ವನನ್ನು ನೋಡದೆ ಕೇಳಿದರೆ ಸಾಕಿತ್ತಲ್ಲ! ಮಗ್ಗದ ಕೋಣೆಯ ಬಾಗಿಲ ಹಿಂದೆ ಅಡಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾಯುತ್ತಿದ್ದೆ. ಬೇಕೆಂದೇ ಕೊಡ ಉರುಳಿಸುತ್ತಿದ್ದೆ, ಬೇಕೆಂದೇ ಹೊತ್ತು ಮಾಡುತ್ತಿದ್ದೆ, ಆಕೆ ಬೈಯಲಿ ಎಂದು. ಬೈಗುಳ ಕೇಳುತ್ತ ಕಣ್ಣು ಮುಚ್ಚಿ ನಗುತ್ತ ನಿಂತ ಹುಡುಗಿಯನ್ನು ನೋಡಿ ಆಯಿ, ಇದಕ್ಕೆ ಗಾಳಿ ಸೋಕಿದೆ ಎಂದು ಲಿಂಬೆಹಣ್ಣು ಇಳಿತೆಗೆದಳು. ಗಾಳಿ ಯಾವುದು ಎಂದು ಚಿಗವ್ವನಿಗೆ ಮಾತ್ರ ತಿಳಿದಿತ್ತು. ಆಕೆ ಮಾತು ಕಡಿಮೆ ಮಾಡಿದಳು. ನನ್ನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು. ಎದುರುಬದುರು ಸಿಕ್ಕಿದರೆ ಪಿಸುಮಾತು. ಓಣಿಯ ಎಮ್ಮೆಗಳಿಗೂ ಬಿಡುವು ಸಿಕ್ಕಿತು. ಮನೆಯಲ್ಲಿ ಮಗ್ಗದ ಸದ್ದು, ಚಪ್ಪಾಳೆಯ ಸದ್ದು ಬಿಟ್ಟರೆ ಏನಿಲ್ಲ. ಒಂದು ಬೆಳಗ್ಗೆ ನಾನು ಅಡುಗೆಮನೆಗೆ ಹೋಗಿ, ಆಕೆಗೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ.

“ಚಿಗವ್ವಾ, ಒಂದ್ಸಲ ನನ್ನ ಹೆಸರ ಕೂಗು. ಅವ್ವ ಕೂಗಿದಂಗ ಕೂಗು.”

ಹಿಟ್ಟು ನಾದುತ್ತಿದ್ದ ಸದ್ದು ನಿಂತಿತು. ಆಕೆ ಎದ್ದು ಬಂದು ನನ್ನ ಎರಡೂ ಭುಜ ಹಿಡಿದು ತನ್ನ ಕಡೆ ತಿರುಗಿಸಿದಳು. ಹಿಟ್ಟಿನ ಕೈ. ಹೆಬ್ಬೆರಳಿನಿಂದ ನನ್ನ ರೆಪ್ಪೆಗಳನ್ನು ಮೇಲೆತ್ತಿದಳು.

“ಕಣ್ಣ ತಗೀ. ತಗೀ ಅಂತೀನಿ! ಆಕಿ ಸತ್ತಾಳ. ನಾ ಇಲ್ಲೇ ಅದೀನಿ. ನನ್ನ ಮಾರಿ ನೋಡಿ ಕೇಳು.”

ಪಿಸುಮಾತಲ್ಲ, ಓಣಿಗೆಲ್ಲ ಕೇಳುವಂತೆ ಅಂದಳು. ಆಮೇಲೆ ‘ಗಂಗಾ’ ಎಂದು ಕೂಗಿದಳು. ಕೂಗಿ ಅತ್ತಳು. ಆಕೆಯ ಮುಖವನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಇನ್ನೂ ಹುಡುಗಿಯ ಮುಖ, ಗದ್ದದ ಮೇಲೆ ಜೋಳದ ಹಿಟ್ಟು. ನಾನು ‘ಓ’ ಎಂದೆ. ಅವತ್ತಿನಿಂದ ಚಪ್ಪಾಳೆ ನಿಂತಿತು.

ಮತ್ತೆ ಅಮಾವಾಸ್ಯೆ ಬಂದಾಗ ಅಪ್ಪ ತಿರುಪಿನ ಮೇಲೆ ಬೆರಳಿಟ್ಟು, ಯಾವ ಕಡೆ ಎಂಬಂತೆ ನಮ್ಮಿಬ್ಬರನ್ನೂ ನೋಡಿದ. “ಮೊದಲಿನಂಗ ಇರಲಿ,” ಎಂದೆ ನಾನು. ಚಿಗವ್ವನ ಸಲುವಾಗಿ ಅಂದೆನೋ, ಆ ಭಾರವಾದ ದನಿಯ ಆಸೆಗೆ ಅಂದೆನೋ ಎಂದು ಕೇಳಿದರೆ ಎರಡೂ ಖರೇ. ಮುಂದೆ ನನ್ನನ್ನು ಅದೇ ಓಣಿಗೆ ಕೊಟ್ಟರು. ಆಯಿ ಹೋದಳು, ಅಪ್ಪ ಹೋದ. ಫೋನೋ ನನ್ನ ಮನೆಗೆ ಬಂತು, ಅದರ ಹಿಂದೆಯೇ ಚಿಗವ್ವನೂ ಬಂದು ನನ್ನೊಡನೆ ಇದ್ದುಬಿಟ್ಟಳು. ಆಕೆ ಇರುವ ತನಕ ಆ ತಿರುಪನ್ನು ಯಾರೂ ಮುಟ್ಟಲಿಲ್ಲ. ಮೊಮ್ಮಕ್ಕಳು ಮೊಬೈಲು ಹಿಡಿದು ಅಜ್ಜಿ ಏನರ ಮಾತಾಡು ಎಂದರೆ ಬಾಯಿಗೆ ಸೆರಗು ಒತ್ತಿಕೊಂಡು ಅಟ್ಟಿಬಿಡುತ್ತಿದ್ದಳು. ತನ್ನ ದನಿಯನ್ನು ಯಾವ ಪೆಟ್ಟಿಗೆಗೂ ಬಿಟ್ಟುಕೊಡಲಿಲ್ಲ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ, ಮಲಗಿದಲ್ಲೇ ಹೋದಳು.

ಈ ಸಲದ ಅಮಾವಾಸ್ಯೆಗೆ ಆಕೆಗೂ ಎಡೆ ಇಟ್ಟೆವು. ನಾನು ಹಿಂದಿನ ದಿನವೇ ಫೋನೋ ಬಿಚ್ಚಿ, ಗಟ್ಟಿಯಾದ ಚರ್ಮ ಕಿತ್ತು ಬೇರೆ ಹಾಕಿ, ಗೌರ್ನರಿಗೆ ಒಂದು ಹನಿ ಎಣ್ಣೆ ಬಿಟ್ಟಿದ್ದೆ. ಕಾಗದದ ಚೂರು ಸಿಕ್ಕಿಸಿ, ಗಡಿಯಾರದ ಮುಂದೆ ಕೂತು ಎಣಿಸಿ, ತಿರುಪನ್ನು ಕರಿ ಐದರ ಕಡೆ ತಿರುಗಿಸಿದ್ದೆ. ಚಿಗವ್ವನ ದನಿ ಕೇಳದೆ ನನಗೆ ಇರಲಾಗುತ್ತಿರಲಿಲ್ಲ, ಅದು ಸಿಗುವ ಜಾಗ ಭೂಮಿಯ ಮೇಲೆ ಇದೊಂದೇ. ಮುಳ್ಳು ಇಳಿಸಿದೆ. ಸಣ್ಣ ದನಿ, ಚೂಪು ದನಿ, ನಡುಮನೆಯೆಲ್ಲ ತುಂಬಿತು. ನನ್ನ ಸೊಸೆ ಅಡುಗೆಮನೆಯಿಂದ ಹಸಿ ಕೈಯಲ್ಲೇ ಓಡಿ ಬಂದಳು.

“ಅತ್ತಿ, ಚಿಗವ್ವಾರ ದನಿ ಅಲ್ಲೇನ್ರಿ ಇದು? ಚಿಗವ್ವಾರಽ ಅಲ್ಲೇನ್ರಿ?”

“ಹೌದವಾ, ಆಕೀನಽ,” ಎಂದೆ.

ನನ್ನ ಹೆತ್ತವಳು ಹಾಡುತ್ತಲೇ ಇದ್ದಳು.